ರೆಡಿಂಗ್‌ನ ಹಳೇ ಸೆಮಿಗೆ ಹೀಟ್ ಪಂಪ್: ಮಷೀನ್ ಬರೋದಕ್ಕೆ ಮುಂಚೆ ಮನೆಗೆ ಏನೇನು ಮಾಡಿಸಬೇಕು?

ಹಳೇಮನೆ_ರೆಡಿಂಗ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1930ರ ದಶಕದ ಸೆಮಿ, ಅಂದ್ರೆ ಒಂದು ಪಕ್ಕ ಮಾತ್ರ ಇನ್ನೊಂದು ಮನೆಗೆ ಅಂಟಿರೋ ಮನೆ. ಮೂರು ಬೆಡ್‌ರೂಮು, ಮುಂದೆ ಬೇ ವಿಂಡೋ, ಹಿಂದೆ ಹಳೇ ಮಾಲೀಕರು ಎಕ್ಸ್‌ಟೆನ್ಷನ್ ಕಟ್ಟಿಸಿ ದೊಡ್ಡದು ಮಾಡಿರೋ ಅಡುಗೆಮನೆ. ಕೆಳಗೆ ಮರದ ಹಲಗೆ ನೆಲ, ಎಕ್ಸ್‌ಟೆನ್ಷನ್ ಮಾತ್ರ ಕಾಂಕ್ರೀಟು. ಮನೆಗೂ ನಲ್ಲಿಗೂ ನೀರು ಕಾಯಿಸೋ ಗ್ಯಾಸಿನ ಕಾಂಬಿ ಬಾಯ್ಲರ್‌ಗೆ ವಯಸ್ಸಾಗಿದೆ, ಸರ್ವೀಸಿಗೆ ಬಂದವರು "ಇನ್ನೊಂದು ಚಳಿಗಾಲ ದೂಡಬಹುದು, ಅಷ್ಟೇ" ಅಂದಿದ್ದಾರೆ. ಹೀಟ್ ಪಂಪಿಗೆ (ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆ ಬೆಚ್ಚಗಿಡೋ ಕರೆಂಟಿನ ಮಷೀನು) ಇಬ್ಬರ ಹತ್ತಿರ ಕೊಟೇಶನ್ ತಗೊಂಡೆ. ಮೊದಲನೆಯವರು ಟೇಪು ಕೂಡ ತೆಗೀದೆ ಮನೆ ಸುತ್ತಿ, 12 ಕಿಲೋವ್ಯಾಟ್ ಬೇಕು, ಅದಕ್ಕೂ ಮುಂಚೆ ಗೋಡೆಗೆಲ್ಲ ಇನ್ಸುಲೇಷನ್ (ಶಾಖ ಸೋರದ ಹಾಗೆ ತಡೆಯೋ ಹೊದಿಕೆ) ಮಾಡಿಸದಿದ್ರೆ ಸರ್ಕಾರದ ಗ್ರಾಂಟ್ ಸಿಗಲ್ಲ ಅಂದ್ರು. ಎರಡನೆಯವರು ಫೋನಲ್ಲೇ 7 ಕಿಲೋವ್ಯಾಟ್ ಸಾಕು, ಮನೆಗೆ ಏನೂ ಮಾಡಿಸೋದು ಬೇಡ ಅಂದ್ರು. ಇಬ್ಬರನ್ನೂ ನಂಬೋಕೆ ಆಗ್ತಿಲ್ಲ.

ನಿಜವಾಗ್ಲೂ ಮೊದಲು ಮಾಡಿಸಬೇಕಾದ್ದು ಏನು? ಇನ್ನೊಂದು ವಿಷಯ, ನವೆಂಬರ್‌ನಲ್ಲಿ ಅಮ್ಮ ಬರ್ತಾರೆ, ಆರು ತಿಂಗಳು ಇರ್ತಾರೆ. ಮನೆ ತಣ್ಣಗಿದ್ರೆ ನನ್ನ ಕಥೆ ಮುಗೀತು.

ತುಂಗಾತೀರ

ನಾನು ಕಟ್ಟಡಗಳ ಹೀಟಿಂಗ್ ಡಿಸೈನ್ ಕೆಲಸದಲ್ಲಿದ್ದೀನಿ. ಹೀಟ್ ಪಂಪ್ ಮಾರೋದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳ್ತೀನಿ.

ಮೊದಲು ಗ್ರಾಂಟ್ ವಿಷಯ. ಇಂಗ್ಲೆಂಡ್, ವೇಲ್ಸ್‌ನ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್‌ನಲ್ಲಿ ಆ ನಿಯಮ ಇದ್ದದ್ದು ಹೌದು. ಇಪಿಸಿಯಲ್ಲಿ, ಅಂದ್ರೆ ಮನೆಯ ಇಂಧನ ದಕ್ಷತೆಯ ಸರ್ಟಿಫಿಕೇಟಿನಲ್ಲಿ, ಲಾಫ್ಟ್ (ಛಾವಣಿ ಕೆಳಗಿನ ಅಟ್ಟ), ಕ್ಯಾವಿಟಿ ಗೋಡೆಯ (ನಡುವೆ ಟೊಳ್ಳಿರೋ ಜೋಡಿ ಗೋಡೆ) ಇನ್ಸುಲೇಷನ್ ಶಿಫಾರಸು ಬಾಕಿ ಇದ್ರೆ ಅರ್ಜಿ ನಿಲ್ತಿತ್ತು. 2024ರ ಮೇನಲ್ಲಿ ಅದನ್ನು ತೆಗೆದರು. ಈಗಲೂ ಹಳೇ ಮಾತನ್ನೇ ಹೇಳೋರು ಇದ್ದಾರೆ. 7,500 ಪೌಂಡ್ ಗ್ರಾಂಟಿಗೆ ಅರ್ಜಿ ಹಾಕೋದು ಎಂಸಿಎಸ್ ಅನ್ನೋ ಗುಣಮಟ್ಟದ ಸರ್ಟಿಫಿಕೇಟ್ ಇರೋ ಇನ್‌ಸ್ಟಾಲರ್, ನೀವಲ್ಲ. ಕೊಟೇಶನ್ನಿನಲ್ಲೇ ಆ ಮೊತ್ತ ಕಳೆದಿರಬೇಕು.

ಇನ್ನು ಮನೆ. ಇಬ್ಬರೂ ನಿಮ್ಮ ಮನೆಯ ಹೀಟ್ ಲಾಸ್ ಲೆಕ್ಕ ಹಾಕಿಲ್ಲ, ಅದೇ ತೊಂದರೆ. ಹೊರಗೆ ಮೈನಸ್ 2 ಇರೋ ದಿನ ಒಳಗೆ 21 ಇಡೋಕೆ ಗಂಟೆಗೆ ಎಷ್ಟು ಶಾಖ ಬೇಕು ಅನ್ನೋದು ಒಂದೇ ಪ್ರಶ್ನೆ. ಅದನ್ನು ಕೋಣೆ ಕೋಣೆಗೂ ಅಳೆದು ಹೇಳಬೇಕು. ಕಿಟಕಿ, ಗೋಡೆ, ನೆಲ ಎಲ್ಲ ಟೇಪ್ ಹಿಡಿದು. ಅಳೆಯದೆ ಹೇಳಿದ 12 ಕೂಡ ಊಹೆ, 7 ಕೂಡ ಊಹೆ.

ಅವರು ಬರೋ ತನಕ ಕಾಯಬೇಡಿ. ಈಗಿರೋ ಬಾಯ್ಲರ್‌ನಿಂದಲೇ ಎರಡು ಪರೀಕ್ಷೆ ಮಾಡಬಹುದು. ಕಾಂಬಿಯಲ್ಲಿ ಎರಡು ತಿರುಗಣೆ ಇರುತ್ತೆ, ಒಂದರ ಮೇಲೆ ನಲ್ಲಿ ಚಿತ್ರ, ಇನ್ನೊಂದರ ಮೇಲೆ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಕಾಯಿಸೋ ಗೋಡೆಯ ಫಲಕ) ಚಿತ್ರ. ರೇಡಿಯೇಟರ್‌ದು ಸಾಮಾನ್ಯವಾಗಿ 70, 75ರಲ್ಲಿ ನಿಂತಿರುತ್ತೆ. ಅದನ್ನು 50ಕ್ಕೆ ಇಳಿಸಿ, ಬೆಳಗ್ಗೆ ಎರಡು ಗಂಟೆ ಸಂಜೆ ಎರಡು ಗಂಟೆ ಉರಿಸೋ ಬದಲು ದಿನವಿಡೀ ಬಿಡಿ. ಚಳಿ ಜೋರಾಗಿರೋ ವಾರದಲ್ಲಿ ಯಾವ ಕೋಣೆ ಬೆಚ್ಚಗಾಗಲ್ಲ ನೋಡಿ ಬರೆದಿಟ್ಟುಕೊಳ್ಳಿ. ಹೀಟ್ ಪಂಪ್ ನೀರು ಕಳಿಸೋದು ಹೆಚ್ಚುಕಡಿಮೆ ಆ ಬಿಸಿಯಲ್ಲೇ. ಆ ಪಟ್ಟಿಯೇ ನಿಮ್ಮ ಕೆಲಸದ ಪಟ್ಟಿ.

ಎರಡನೇದು ಗ್ಯಾಸ್ ಮೀಟರ್. ತೀರಾ ಚಳಿ ಇದ್ದ ಒಂದು ದಿನದ ಬಳಕೆ ಸ್ಮಾರ್ಟ್ ಮೀಟರ್ ಆ್ಯಪ್‌ನಲ್ಲಿ ಸಿಗುತ್ತೆ. ತೆಗೆದು ಇಲ್ಲಿ ಹಾಕಿ.

ಬಿಲ್_ನೋಡಿ_ಮಾತಾಡಿ

ತಣ್ಣೀರು ಎರಚೋಕೆ ಬಂದಿಲ್ಲ, ಆದ್ರೂ ಯಾರಾದ್ರೂ ಹೇಳಬೇಕಲ್ಲ. ಇಲ್ಲಿ ಕರೆಂಟಿನ ಯೂನಿಟ್ ಬೆಲೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಹಳೇ ಮನೆಗೆ ಇದನ್ನ ಹಾಕಿಸಿ ಬಿಲ್ ಜಾಸ್ತಿ ಬಂದು ಒದ್ದಾಡ್ತಿರೋ ಸ್ನೇಹಿತರು ನನಗೇ ಇದ್ದಾರೆ. ಹೊಸ ಬಾಯ್ಲರ್‌ಗೆ ಮೂರು ಸಾವಿರದೊಳಗೆ ಕೆಲಸ ಮುಗಿಯುತ್ತೆ. ಇದಕ್ಕೆ ಗ್ರಾಂಟ್ ಕಳೆದು ಮೇಲೆ ಎಷ್ಟು ಕೈಯಿಂದ ಹೋಗುತ್ತೆ, ರೇಡಿಯೇಟರ್ ಸೇರಿಸಿ ಲೆಕ್ಕ ಹಾಕಿ ಆಮೇಲೆ ಕುಣೀರಿ.

ತುಂಗಾತೀರ

@ಬಿಲ್_ನೋಡಿ_ಮಾತಾಡಿ ನಾಲ್ಕು ಪಟ್ಟು ಅನ್ನೋದು ಸರಿ. ಅದನ್ನೇ ಪೂರ್ತಿ ಮಾಡೋಣ. ಬಾಯ್ಲರ್‌ನ ದಕ್ಷತೆ ಶೇ. 88 ಅಂತ ಇಟ್ಟುಕೊಂಡ್ರೆ, ಹೀಟ್ ಪಂಪ್ ವರ್ಷದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ 3.5 ಯೂನಿಟ್ ಶಾಖ ಕೊಟ್ರೆ ಬಿಲ್ ಸಮಸಮ. ಅದಕ್ಕಿಂತ ಕಡಿಮೆಯಾದ್ರೆ ಕೈ ಕಚ್ಚುತ್ತೆ. ಸರ್ಕಾರ ದುಡ್ಡು ಹಾಕಿ ನಡೆಸಿದ ಎಲೆಕ್ಟ್ರಿಫಿಕೇಷನ್ ಆಫ್ ಹೀಟ್ ಪ್ರಯೋಗದಲ್ಲಿ 742 ಮನೆಗಳಿಗೆ ಹೀಟ್ ಪಂಪ್ ಹಾಕಿದ್ರು, ನೂರು ವರ್ಷ ದಾಟಿದ ವಿಕ್ಟೋರಿಯನ್ ಮನೆಗಳೂ ಇದ್ದವು. ಗಾಳಿಯಿಂದ ಶಾಖ ಎಳೆಯೋ ಪಂಪುಗಳ ನಡುಮಟ್ಟ 2.8ರ ಸುಮಾರಿಗೆ ಬಂತು. ಹಾಕೋಕೇ ಆಗದ ಮನೆ ಅನ್ನೋ ಜಾತಿ ಸಿಗಲಿಲ್ಲ ಅನ್ನೋದು ಒಂದು ಮಾತು, 2.8 ಬಂದ್ರೆ ನಿಮ್ಮ ಸ್ನೇಹಿತರ ಹಾಗೆ ಬಿಲ್ ಬರುತ್ತೆ ಅನ್ನೋದು ಇನ್ನೊಂದು. ಎರಡೂ ನಿಜ.

2.8 ಮತ್ತು 3.5ರ ನಡುವೆ ಇರೋದೇ ಈ ಥ್ರೆಡ್‌ನ ವಿಷಯ. ರೇಡಿಯೇಟರ್‌ಗೆ ಹೋಗೋ ನೀರಿನ ಬಿಸಿ ಒಂದು ಡಿಗ್ರಿ ಇಳಿದ್ರೆ ಕರೆಂಟು ಸುಮಾರು ಶೇ. 2ರಷ್ಟು ಉಳಿಯುತ್ತೆ. 55ರಲ್ಲಿ ಓಡೋ ಮನೆಗೂ 42ರಲ್ಲಿ ಓಡೋ ಮನೆಗೂ ಅಷ್ಟು ವ್ಯತ್ಯಾಸ. ಮನೆ ತಯಾರು ಮಾಡೋದು ಅಂದ್ರೆ ಆ ಬಿಸಿಯನ್ನ ಇಳಿಸೋದು, ಬೇರೆ ಏನೂ ಅಲ್ಲ. ಹೀಟ್ ಪಂಪಿಗೇ ಅಂತ ಇರೋ ಟ್ಯಾರಿಫ್ ತಗೊಂಡ್ರೆ ಲೆಕ್ಕ ಇನ್ನೂ ಬದಲಾಗುತ್ತೆ, ಆದ್ರೆ ಅದನ್ನು ನಂಬಿಕೊಂಡು ಡಿಸೈನ್ ಮಾಡಬೇಡಿ. ಟ್ಯಾರಿಫ್ ಇವತ್ತಿರುತ್ತೆ, ನಾಳೆ ಇರಲ್ಲ.

ಧಾರವಾಡ_ಪೇಢಾ

ನಮಸ್ಕಾರ್ರೀ. ನಾ ಲೆಸ್ಟರ್‌ನ್ಯಾಗ ಇದ್ದೀನಿ, ನಂದೂ ಅದ ಕಾಲದ ಮನಿ. ತುಂಗಾತೀರ ಸರ್ ಹೇಳಿದ್ದು ಖರೇ ಐತಿ. ಅದರ ಜತಿ ಪೈಪ್ ನೋಡ್ರಿ ಅಂತ ಹೇಳವ ನಾನು. ಎಲ್ಲಾರೂ ಗ್ವಾಡಿ, ಕಿಟಕಿ ಅಂತಾರ. ಪೈಪಿನ ಮಾತು ಯಾರೂ ಎತ್ತೂದಿಲ್ಲ.

ರೇಡಿಯೇಟರ್ ಬುಡಕ್ಕ ಕುಂತು ನೋಡ್ರಿ. ಪೈಪ್ ನಿಮ್ಮ ಹೆಬ್ಬೆರಳಿನಷ್ಟು ದಪ್ಪ ಇದ್ರ 15 ಮಿ.ಮೀ., ಚಿಂತಿ ಇಲ್ಲ. ಕಿರುಬೆರಳಿಗಿಂತ ಸಣ್ಣದಿದ್ರ 8 ಇಲ್ಲಾ 10 ಮಿ.ಮೀ., ಇದಕ್ಕ ಮೈಕ್ರೋಬೋರ್ ಅಂತಾರ. 70, 80ರ ದಶಕದಾಗ ಹಳೀ ಮನಿಗೆ ಹೀಟಿಂಗ್ ಕೂಡಿಸಿದವರು ಇದನ್ನ ಭಾಳ ಹಾಕ್ಯಾರ. ಯಾಕ ತ್ರಾಸ ಅಂದ್ರ, ಬಾಯ್ಲರ್ ನೀರು 70ಕ್ಕ ಹೋಗಿ 50ಕ್ಕ ವಾಪಸ್ ಬರತೈತಿ, 20 ಡಿಗ್ರಿ ಶಾಖಾ ಕೊಟ್ಟು ಬರತೈತಿ. ಹೀಟ್ ಪಂಪ್‌ನ್ಯಾಗ ಐದ ಡಿಗ್ರಿ ಅಷ್ಟ. ಅಷ್ಟ ಶಾಖಾ ಮುಟ್ಟಸಾಕ ನಾಕ ಪಟ್ಟು ನೀರು ಓಡಬೇಕು. 8 ಕಿಲೋವ್ಯಾಟಿಗೆ ನಿಮಿಷಕ್ಕ 23 ಲೀಟರ್ ಆಗತೈತಿ ಲೆಕ್ಕಾ ಹಾಕಿದ್ರ. ಸಣ್ಣ ಪೈಪಿನ್ಯಾಗ ಅಷ್ಟು ನೀರು ನುಗ್ಗಿಸಿದ್ರ ಸಪ್ಪಳಾನೂ ಆಗತೈತಿ, ಪಂಪಿನ ಕರೆಂಟೂ ಸುಡತೈತಿ. ಮಷೀನಿನಿಂದ ಒಳಗ ಬರೋ ಮುಖ್ಯ ಪೈಪ್ 28 ಮಿ.ಮೀ. ಇರಬೇಕು, 22ಕ್ಕ ಒಪ್ಪಬ್ಯಾಡ್ರಿ, 5 ಕಿಲೋವ್ಯಾಟಿನ ಸಣ್ಣ ಮಷೀನ್ ಇದ್ರ ಮಾತು ಬ್ಯಾರೆ.

ನೆಲ ಹಲಗಿದು ಅಂದ್ರಲ್ಲ, ಪುಣ್ಯಾ ಮಾಡೀರಿ. ಹಲಗಿ ಎತ್ತಿ ಪೈಪ್ ಬದಲಿ ಮಾಡಬಹುದು. ಹಲಗಿ ಎತ್ತಿದಾಗ ಕೆಳಗ ಇನ್ಸುಲೇಷನ್ನೂ ಒಂದ ಸಲಕ್ಕ ಮುಗಿಸಿಬಿಡ್ರಿ. ಎರಡು ಸಲ ಕಾರ್ಪೆಟ್ ಕಿತ್ತಸೂದು ಹುಚ್ಚತನ.

ಇನ್ನ ರೇಡಿಯೇಟರ್. ಕ್ಯಾಟಲಾಗಿನ್ಯಾಗ 2,000 ವ್ಯಾಟ್ ಅಂತ ಬರದಿರತಾರ, ಅದು 75ರ ಸುಡೋ ನೀರಿನ ಲೆಕ್ಕ. 50ರ ನೀರು ಕಳಿಸಿದ್ರ ಅದ ರೇಡಿಯೇಟರ್ 900 ಚಿಲ್ಲರೆ ಕೊಡತೈತಿ, 45ರದು ಕಳಿಸಿದ್ರ 700. ಹಂಗಂತ ಎಲ್ಲಾ ಕಿತ್ತ ಒಗಿಬ್ಯಾಡ್ರಿ. ನಮ್ಮ ಮನ್ಯಾಗ ಮ್ಯಾಲಿನ ಎರಡು ಖೋಲಿದು ಹಂಗ ಉಳದಾವ. ಮಲಗೋ ಖೋಲಿಗೆ 18 ಇದ್ರ ಸಾಕಲ್ಲ. ಪಡಸಾಲಿ, ಅಡಗಿಮನಿ, ಬಾತ್‌ರೂಮಿಂದು ಬದಲಿ ಆತು. ಒಂದ ಪದರಿನ ಟೈಪ್ 11 ಇದ್ದಲ್ಲಿ ಅದ ಅಳತೀದು ಎರಡು ಪದರಿನ ಟೈಪ್ 22 ಕುಂತ್ರ ಗ್ವಾಡಿ ಮ್ಯಾಲೆ ಜಾಗಾ ಹೆಚ್ಚ ಬೇಕಾಗೂದಿಲ್ಲ, ಸ್ವಲ್ಪ ಮುಂದಕ್ಕ ಬರತೈತಿ ಅಷ್ಟ.

ಕೊಡೆ_ಮರೆತವಳು

ಮ್ಯಾಂಚೆಸ್ಟರ್‌ನಲ್ಲಿ ವಿಕ್ಟೋರಿಯನ್ ಟೆರೇಸು ನಮ್ಮದು, ಅಂದ್ರೆ ಒಂದಕ್ಕೊಂದು ಅಂಟಿರೋ ಸಾಲುಮನೆಗಳಲ್ಲಿ ಒಂದು. ಹೀಟ್ ಪಂಪ್ ಇದೆ, ಗೋಡೆಗೆ ಇನ್ಸುಲೇಷನ್ ಇಲ್ಲ. ಮುಂದಿನ ಕೆಂಪಿಟ್ಟಿಗೆ ಮುಚ್ಚೋಕೆ ಮನಸ್ಸು ಬರಲಿಲ್ಲ, ಒಳಗಿಂದ ಮಾಡಿಸಿದ್ರೆ ಕೋಣೆ ಚಿಕ್ಕದಾಗುತ್ತೆ. ದೊಡ್ಡ ರೇಡಿಯೇಟರ್ ಹಾಕಿಸಿಕೊಂಡು ಸುಮ್ಮನಾದ್ವಿ. ಮನೆ ಬೆಚ್ಚಗಿದೆ.

ನಿಮ್ಮ ಗೋಡೆ ಯಾವ ಜಾತಿದು ಅಂತ ಮೊದಲು ನೋಡಿ, ಅದಕ್ಕೆ ಯಾರನ್ನೂ ಕರೆಸೋದು ಬೇಡ. ಹೊರಗೆ ನಿಂತು ಇಟ್ಟಿಗೆ ಸಾಲು ನೋಡಿ. ಎಲ್ಲ ಇಟ್ಟಿಗೆಯದೂ ಉದ್ದದ ಪಕ್ಕವೇ ಕಾಣಿಸಿದ್ರೆ ಹೆಚ್ಚಾಗಿ ನಡುವೆ ಟೊಳ್ಳಿರೋ ಕ್ಯಾವಿಟಿ ಗೋಡೆ. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ ಅಂತ ಬಂದ್ರೆ ಗಟ್ಟಿ ಗೋಡೆ, ನಮ್ಮ ಮನೆ ಥರ. 30ರ ದಶಕದಲ್ಲಿ ಎರಡೂ ಕಟ್ಟಿದ್ದಾರೆ. ಗಾರೆ ಪ್ಲಾಸ್ಟರ್ ಮುಚ್ಚಿದ್ರೆ ಬಾಗಿಲ ಚೌಕಟ್ಟಿನ ಹತ್ತಿರ ದಪ್ಪ ಅಳೆಯಿರಿ. ಕ್ಯಾವಿಟಿ ಇದ್ರೆ, ಗಾರೆಯ ಸಂದಿಗಳಲ್ಲಿ ನಾಣ್ಯದಷ್ಟು ಅಗಲದ ಮುಚ್ಚಿದ ತೂತುಗಳು ಸಾಲಾಗಿ ಇವೆಯಾ ನೋಡಿ. ಇದ್ರೆ ಹಳೇ ಮಾಲೀಕರು ಯಾವತ್ತೋ ತುಂಬಿಸಿಬಿಟ್ಟಿದ್ದಾರೆ ಅಂತ ಅರ್ಥ, ನಿಮ್ಮ ಕೊಟೇಶನ್ನಿನವರು ಇಲ್ಲದ ಕೆಲಸ ಹೇಳಿದ ಹಾಗಾಯ್ತು. ತುಂಬಿಸಿಲ್ಲದಿದ್ರೆ ತುಂಬಿಸಬಹುದು, ಆದ್ರೆ ಮೊದಲು ಕ್ಯಾಮೆರಾ ಬಿಟ್ಟು ಒಳಗೆ ಮಣ್ಣುಗಾರೆ ಬಿದ್ದು ಕಟ್ಟಿಕೊಂಡಿದೆಯಾ, ಎರಡು ಗೋಡೆ ಹಿಡಿದಿರೋ ಕಬ್ಬಿಣದ ಕೊಂಡಿ ತುಕ್ಕು ತಿಂದಿದೆಯಾ ನೋಡಿಸಿ. ಮಳೆ ಹೊಡೆಯೋ ಇಲ್ಲಿನ ಪಶ್ಚಿಮ ಕರಾವಳಿ ಕಡೆ ನಾನಾದ್ರೆ ತುಂಬಿಸೋಕೆ ಹೋಗ್ತಿರಲಿಲ್ಲ. ರೆಡಿಂಗ್‌ನಲ್ಲಿ ಅಷ್ಟು ಭಯ ಇಲ್ಲ.

ಲಾಫ್ಟ್‌ನಲ್ಲಿ 270 ಮಿ.ಮೀ. ದಪ್ಪ ಇನ್ಸುಲೇಷನ್ ಉಣ್ಣೆ ಇರಬೇಕು. ಹೆಚ್ಚಿನ ಮನೆಗಳಲ್ಲಿ 100 ಇದ್ದು ಅದರ ಮೇಲೆ ಸೂಟ್‌ಕೇಸ್ ಪೇರಿಸಿರ್ತಾರೆ, ಅದು ಅಪ್ಪಚ್ಚಿಯಾಗಿರುತ್ತೆ. ಸಾಮಾನೆಲ್ಲ ಇಳಿಸಿ ಹಾಸಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಕಾರ ಮಾಡೋ ಕೆಲಸ ಇನ್ನೊಂದಿಲ್ಲ. ಸೂರಿನ ಅಂಚಲ್ಲಿ ಗಾಳಿ ಆಡೋಕೆ ಸಂದು ಬಿಡಿ. ಛಾವಣಿಯ ಒಳಮೈಗೆ ಫೋಮ್ ಸಿಂಪಡಿಸ್ತೀವಿ ಅಂತ ಬರೋರನ್ನ ಬಾಗಿಲಲ್ಲೇ ಕಳಿಸಿ. ಮರ ಒಳಗೇ ಕೊಳೆತರೂ ಕಾಣಲ್ಲ, ನಾಳೆ ಮನೆ ಮಾರೋವಾಗ ಎಷ್ಟೋ ಬ್ಯಾಂಕುಗಳು ಮಾರ್ಟ್‌ಗೇಜ್ ಕೊಡಲ್ಲ.

ಆಮೇಲೆ ಸಂದಿಗೊಂದಿ ಗಾಳಿ. ಬಳಸದ ಅಗ್ಗಿಷ್ಟಿಕೆ ಚಿಮಣಿ, ಲೆಟರ್‌ಬಾಕ್ಸ್, ಹಲಗೆ ಸಂದು, ಲಾಫ್ಟ್ ಮುಚ್ಚಳ. ಒಂದು ಊದುಬತ್ತಿ ಹಚ್ಚಿಕೊಂಡು ಗಾಳಿ ಬೀಸೋ ದಿನ ಮನೆಯೆಲ್ಲ ಸುತ್ತಿ, ಹೊಗೆ ಎಲ್ಲಿ ಅಡ್ಡ ಓಡುತ್ತೋ ಅಲ್ಲಿ ಮುಚ್ಚಿ. ಆದ್ರೆ ಹೊರಗೋಡೆ ಬುಡದಲ್ಲಿ ತೂತಿರೋ ಇಟ್ಟಿಗೆ ಇರುತ್ತಲ್ಲ, ಏರ್‌ಬ್ರಿಕ್, ಅದನ್ನ ಮಾತ್ರ ಮುಟ್ಟಬೇಡಿ. ಅದು ಹಲಗೆ ನೆಲದ ಅಡಿಯ ಗಾಳಿಗೆ. ನಮ್ಮ ಬೀದಿಯಲ್ಲೇ ಒಂದು ಮನೆಗೆ ಬಂದ ಬಿಲ್ಡರ್ ಅದನ್ನ ಸಿಮೆಂಟ್ ಹಾಕಿ ಮುಚ್ಚಿ ಹೋಗಿದ್ದ. ತೊಲೆ ಮೆತ್ತಗಾಗಿ ಹಲಗೆ ಕುಸಿದ ಮೇಲೆ ಗೊತ್ತಾಯ್ತು.

ಗಾಳಿ ಮುಚ್ಚಿದಷ್ಟೂ ತೇವ ಒಳಗೇ ಉಳಿಯುತ್ತೆ. ನಮ್ಮ ಮನೆಗಳಲ್ಲಿ ಮೂರು ಹೊತ್ತು ಕುಕ್ಕರ್ ಕೂಗುತ್ತೆ, ಬಟ್ಟೆ ಒಳಗೇ ಒಣಗುತ್ತೆ. ಬಾತ್‌ರೂಮು, ಅಡುಗೆಮನೆಗೆ ತೇವ ನೋಡಿ ತಾನೇ ಓಡೋ ಫ್ಯಾನ್ ಹಾಕಿಸದೆ ಮನೆ ಬಿಗಿ ಮಾಡಿದ್ರೆ ಬೀರುವಿನ ಹಿಂದೆ ಕಪ್ಪು ಬೂಷ್ಟು ಗ್ಯಾರಂಟಿ.

ಹಳೇಮನೆ_ರೆಡಿಂಗ್

ಅಬ್ಬಾ, ಕೇಳಿದ್ದಕ್ಕಿಂತ ಜಾಸ್ತಿನೇ ಸಿಕ್ತು. ಇಟ್ಟಿಗೆ ನೋಡಿದೆ, ಎಲ್ಲ ಉದ್ದದ್ದೇ. ಪಕ್ಕದ ಗೋಡೆಯಲ್ಲಿ ಮುಚ್ಚಿದ ತೂತಿನ ಸಾಲು ಇದೆ! ಎಕ್ಸ್‌ಟೆನ್ಷನ್ನಿಗೆ ಇಲ್ಲ. ಪೈಪು ಕೆಳಗೆ 15, ಮೇಲಿನ ಕೋಣೆಗಳಿಗೆ ಸಣ್ಣದು.

ಮೀಟರ್: ಕಳೆದ ಜನವರಿಯಲ್ಲಿ ದಿನವಿಡೀ ಸೊನ್ನೆಯ ಆಸುಪಾಸಿದ್ದ ದಿನ 14 ಘನ ಮೀಟರ್ ಓಡಿದೆ. ಥರ್ಮೋಸ್ಟಾಟ್ 20. ಆದ್ರೆ ಆಗ ಹಿಂದಿನ ಬೆಡ್‌ರೂಮ್ ರೇಡಿಯೇಟರ್ ಬಂದ್ ಇತ್ತು.

ತುಂಗಾತೀರ

ಚೆನ್ನಾಗಿದೆ. ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 11 ಯೂನಿಟ್. 14ಕ್ಕೆ 155 ಅನ್ನಿ. ಸ್ನಾನ, ಅಡುಗೆಗೆ 12 ಕಳೆದ್ರೆ 143. ಬಾಯ್ಲರ್‌ನಲ್ಲಿ ಪೋಲಾಗೋದು ತೆಗೆದು ಮನೆಗೆ ಸಿಕ್ಕಿದ್ದು 126. ಅದನ್ನ 24 ಗಂಟೆಗೆ ಭಾಗಿಸಿದ್ರೆ 5.2 ಕಿಲೋವ್ಯಾಟ್. ಅದು ಹೊರಗೆ 0, ಒಳಗೆ 20 ಇದ್ದಾಗ. ಮೈನಸ್ 2ಕ್ಕೆ, ಒಳಗೆ 21ಕ್ಕೆ ಹಿಗ್ಗಿಸಿದ್ರೆ 6. ಬಂದ್ ಇದ್ದ ಕೋಣೆಗೆ ಸ್ವಲ್ಪ ಸೇರಿಸಿ, ಆರೂವರೆ.

ಈಗ ಆ 12 ಎಲ್ಲಿಂದ ಬಂತು ಅಂತ ಅವರನ್ನೇ ಕೇಳಿ. ದೊಡ್ಡದಿದ್ರೆ ಒಳ್ಳೇದಲ್ವಾ ಅನ್ನಬಹುದು. ಅಲ್ಲ. ಇಂಗ್ಲೆಂಡಿನ ಚಳಿಗಾಲದ ಹೆಚ್ಚಿನ ದಿನ ಹೊರಗೆ 5ರಿಂದ 10 ಇರುತ್ತೆ, ಆಗ ನಿಮ್ಮ ಮನೆಗೆ ಬೇಕಾದ್ದು 3ರಿಂದ 4.5 ಕಿಲೋವ್ಯಾಟ್ ಅಷ್ಟೇ. ದೊಡ್ಡ ಮಷೀನಿಗೆ ಅಷ್ಟು ನಿಧಾನಕ್ಕೆ ಓಡೋಕೆ ಬರಲ್ಲ. ಹತ್ತಿ ಆರಿ ಹತ್ತಿ ಆರಿ ಕಂಪ್ರೆಸರ್ ಸವೆಯುತ್ತೆ, ದಕ್ಷತೆ ಬೀಳುತ್ತೆ. ಎರಡನೆಯವರು ಹೇಳಿದ 7 ಹತ್ತಿರ ಇದೆ, ಆದ್ರೆ ಫೋನಲ್ಲಿ ಹೇಳಿದ್ದು. ಮೂರನೆಯವರನ್ನ ಕರೆಸಿ, ಕೋಣೆವಾರು ಲೆಕ್ಕದ ಹಾಳೆ ಕೈಗೆ ಕೊಡ್ತೀರಾ, ಎಷ್ಟು ಡಿಗ್ರಿ ನೀರಿಗೆ ಡಿಸೈನ್ ಮಾಡ್ತೀರಾ ಅಂತ ಮೊದಲೇ ಕೇಳಿ. 45 ಅಂದ್ರೆ ಕೂತು ಮಾತಾಡಿ. 55 ಅಂದ್ರೆ ಕಾಫಿ ಕೊಟ್ಟು ಕಳಿಸಿ.

ಗೋಡೆ ಆಗಿದೆಯಲ್ಲ, ಅಲ್ಲಿಗೆ ದುಡ್ಡು ಹಾಕಬೇಡಿ. ಮೇಲಿನ ಸಣ್ಣ ಪೈಪು, ಎಕ್ಸ್‌ಟೆನ್ಷನ್ನಿನ ರೇಡಿಯೇಟರ್ ಕಡೆ ಹಾಕಿ. ಹಳೇ ರೇಡಿಯೇಟರ್ ಉಳಿಸೋದಾದ್ರೆ ಒಳಗಿನ ಕರಿ ಕೆಸರು ಪೂರ್ತಿ ತೊಳೆಸಿ, ಮ್ಯಾಗ್ನೆಟ್ ಫಿಲ್ಟರ್ ಹಾಕಿಸಬೇಕು. ಇಲ್ಲದಿದ್ರೆ ಆ ಕೆಸರೆಲ್ಲ ಹೊಸ ಮಷೀನಿಗೆ.

ಹಳೇಮನೆ_ರೆಡಿಂಗ್

ಇನ್ನೊಂದು ತಲೆನೋವು ಬಿಸಿನೀರು ತುಂಬಿಡೋ ಸಿಲಿಂಡರ್. ಕಾಂಬಿ ಹಾಕಿಸಿದಾಗ ಹಳೇ ಸಿಲಿಂಡರ್ ತೆಗೆದು, ಮೆಟ್ಟಿಲ ಮೇಲಿನ ಆ ಬೀರು ಈಗ ನಮ್ಮ ದೇವರ ಮನೆ ಆಗಿದೆ. ಒಳ್ಳೇ ಮರದ ಬಾಗಿಲು, ಗಂಟೆ ಎಲ್ಲ ಮಾಡಿಸಿದ್ದೀವಿ. ಇನ್‌ಸ್ಟಾಲರ್ ಸೀದಾ ಅಲ್ಲಿಗೇ ಬೊಟ್ಟು ಮಾಡಿ ತೋರಿಸಿದ್ರು. ಹೆಂಡತಿ ಮುಖ ನೋಡಬೇಕಿತ್ತು. ಚಿಕ್ಕದಾದ್ರೂ ಒಂದು ಸಿಲಿಂಡರ್ ಬೇಕೇ ಬೇಕಾ?

ಕೊಡೆ_ಮರೆತವಳು

ಬೇಕೇ ಬೇಕು. ಕಾಂಬಿ ಹಾಗೆ ನಲ್ಲಿ ತಿರುಗಿಸಿದ ತಕ್ಷಣ ಕಾಯಿಸೋ ಶಕ್ತಿ ಹೀಟ್ ಪಂಪಿಗಿಲ್ಲ. ಕಾಂಬಿ 25, 30 ಕಿಲೋವ್ಯಾಟ್, ಇದು 6, 7. ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು ತುಂಬಿಸಿ ಇಟ್ಟು, ಬೆಳಗ್ಗೆ ಎಲ್ಲರ ಎಣ್ಣೆಸ್ನಾನ ಅದರಲ್ಲೇ ಮುಗಿಸ್ತಿದ್ರಲ್ಲ, ಹಾಗೆ. ಮೊದಲೇ ಕಾಯಿಸಿ ಇಟ್ಟುಕೊಳ್ಳಬೇಕು.

210 ಲೀಟರ್‌ದು ತಗೊಳ್ಳಿ. 50 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದ್ರೆ ಸ್ನಾನದ ಬಿಸಿಗೆ 280 ಲೀಟರ್ ಸಿಗುತ್ತೆ, 20 ಲೀಟರ್ ಬಕೆಟ್‌ನಲ್ಲಿ 14 ಬಕೆಟ್. ಅಮ್ಮ ಇದ್ದಾಗ್ಲೂ ಸಾಕು. ಪೂರ್ತಿ ಕಾಯೋಕೆ ಒಂದೂವರೆ ಗಂಟೆ ಮೇಲೆ ಹಿಡಿಯುತ್ತೆ, ರಾತ್ರಿ ಅಗ್ಗದ ಹೊತ್ತಲ್ಲಿ ಹಾಕಿಡಿ. ಆದ್ರೆ ಹೀಟ್ ಪಂಪಿಗೆ ಅಂತಲೇ ಮಾಡಿದ ಸಿಲಿಂಡರ್ ಆಗಬೇಕು, ಒಳಗಿನ ಕಾಯಿಲ್ (ನೀರು ಕಾಯಿಸೋ ಸುರುಳಿ ಪೈಪು) ದೊಡ್ಡದಿರೋದು, ಸುಮಾರು 3 ಚದರ ಮೀಟರ್. ಬಾಯ್ಲರ್ ಕಾಲದ್ದು ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ ಅಂತ ತರಬೇಡಿ. ವಾರಕ್ಕೊಮ್ಮೆ ಲೀಜಿಯನೆಲ್ಲಾ ಬ್ಯಾಕ್ಟೀರಿಯಾಗೋಸ್ಕರ 60ಕ್ಕೆ ಏರಿಸೋ ಸೆಟ್ಟಿಂಗ್ ಇರುತ್ತೆ, ಅದನ್ನ ಇನ್‌ಸ್ಟಾಲರ್ ಹಾಕಿಕೊಟ್ಟು ಹೋಗ್ತಾರೆ.

ದೇವರನ್ನ ಎಬ್ಬಿಸೋದು ಬೇಡ. ಗ್ಯಾರೇಜು ಮನೆಗೆ ಅಂಟಿಕೊಂಡಿದ್ರೆ ಅಲ್ಲಿಡಬಹುದು. ಲಾಫ್ಟ್‌ನಲ್ಲೂ ಇಡ್ತಾರೆ, ಆದ್ರೆ ನೀರು ತುಂಬಿದ ಮೇಲೆ ಕಾಲು ಟನ್ ಭಾರ, ತೊಲೆ ತಡೆಯುತ್ತಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು. ನಲ್ಲಿಯಿಂದ ದೂರ ಇಟ್ಟಷ್ಟೂ ಬಿಸಿನೀರು ಬರೋದು ತಡ.

ಎಡಿನ್‌ಬರಾ_ಗೌಡ

ಸ್ಕಾಟ್ಲೆಂಡ್‌ನವರಿಗೆ ಒಂದು ಮಾತು. ಇಲ್ಲಿ ಆ ಬಾಯ್ಲರ್ ಸ್ಕೀಮ್ ಇಲ್ಲ. ಹೋಮ್ ಎನರ್ಜಿ ಸ್ಕಾಟ್ಲೆಂಡ್ ಮೂಲಕ ಗ್ರಾಂಟ್ 7,500, ಹಳ್ಳಿ ಕಡೆ 9,000, ಮೇಲೆ ಬಡ್ಡಿಯಿಲ್ಲದ ಸಾಲ. ಅರ್ಜಿ ನೀವೇ ಹಾಕಬೇಕು, ಮಂಜೂರಾತಿ ಕಾಗದ ಕೈಗೆ ಬರೋ ಮುಂಚೆ ಕೆಲಸ ಶುರು ಮಾಡಿದ್ರೆ ಗ್ರಾಂಟ್ ಹೋಯ್ತು. ನಮ್ಮ ಕಲ್ಲಿನ ಮನೆಗಳಿಗೆ ಕ್ಯಾವಿಟಿ ಮಾತೇ ಇಲ್ಲ, ಪಾರಂಪರಿಕ ವಲಯ ಆದ್ರೆ ಅನುಮತಿ ಬೇಕಾ ಅಂತ ಕೌನ್ಸಿಲ್‌ನಲ್ಲಿ ಮೊದಲು ಕೇಳಿ.

ಮಂಗ್ಳೂರ್_ಬನ್ಸ್

ಎಲ್ಲ ಆಯ್ತು, ಕರೆಂಟಿನ ಬಗ್ಗೆ ಯಾರೂ ಹೇಳ್ಳಿಲ್ಲ ಮಾರಾಯ್ರೆ. ನಾನು ಎಲೆಕ್ಟ್ರಿಷಿಯನ್. ಹಳೆ ಮನೆಗಳಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ.

ಮೀಟರ್ ಪೆಟ್ಟಿಗೆಯ ಕೆಳಗೆ ಬೀದಿಯಿಂದ ದಪ್ಪ ಕೇಬಲ್ ಬಂದು ಸೇರುವ ಕಪ್ಪು ಕಟ್‌ಔಟ್ (ಮನೆಯ ಮುಖ್ಯ ಫ್ಯೂಸ್ ಇರುವ ಡಬ್ಬಿ) ಉಂಟಲ್ಲ, ಅದರ ಮೇಲೆ ಎಷ್ಟು ಆ್ಯಂಪ್ ಅಂತ ಬರೆದಿರ್ತದೆ. 60 ಇದ್ದರೆ 80 ಅಥವಾ 100ಕ್ಕೆ ಏರಿಸಬೇಕಾದೀತು. ಹೀಟ್ ಪಂಪ್ ಒಂದೇ ಆದರೆ ದೊಡ್ಡ ಲೋಡ್ ಅಲ್ಲ, ಆದರೆ ಮೇಲೆ ಎಲೆಕ್ಟ್ರಿಕ್ ಶವರ್, ಇಂಡಕ್ಷನ್ ಒಲೆ, ನಾಳೆ ಕಾರ್ ಚಾರ್ಜರ್ ಎಲ್ಲ ಸೇರಿಸಿ ನೋಡಿ. ಆ ಫ್ಯೂಸ್ ನೀವೂ ಮುಟ್ಟುವ ಹಾಗಿಲ್ಲ, ನಾನೂ ಮುಟ್ಟುವ ಹಾಗಿಲ್ಲ, ಸೀಲ್ ಇರ್ತದೆ. ತಂತಿ ಯಾರದ್ದೋ ಆ ವಿತರಣಾ ಕಂಪನಿಯದ್ದೇ ಕೆಲಸ. ಹೀಟ್ ಪಂಪ್ ಹಾಕುವ ವಿಷಯವನ್ನೂ ಇನ್‌ಸ್ಟಾಲರ್ ಅವರಿಗೆ ತಿಳಿಸಬೇಕು.

ಕೆಳಗಿನಿಂದ ಒಂದೇ ಕೇಬಲ್ ಬಂದಿದೆಯಾ, ಎರಡು ಉಂಟಾ ನೋಡಿ. ಎರಡಿದ್ದರೆ ನಿಮ್ಮ ಮನೆಯಿಂದ ಪಕ್ಕದ ಮನೆಗೂ ಕರೆಂಟ್ ಹೋಗ್ತಾ ಉಂಟು ಅಂತ. ಇದಕ್ಕೆ ಲೂಪ್ ಅಂತಾರೆ. ಒಂದು ಫೋಟೋ ಹಾಕಿ.

ಬಿಲ್_ನೋಡಿ_ಮಾತಾಡಿ

ಮೀಟರ್ ಲೆಕ್ಕ ಒಪ್ಪಿದೆ. ನನ್ನ ಮನೆಯದೂ ಹಾಕಿ ನೋಡ್ತೀನಿ. ಆದ್ರೆ ಗ್ಯಾಸ್ ಕನೆಕ್ಷನ್ ಪೂರ್ತಿ ತೆಗೆಸ್ತೀರಾ? ಒಲೆಗೋಸ್ಕರ ಇಟ್ಟುಕೊಂಡ್ರೆ ಏನೂ ಉರಿಸದಿದ್ರೂ ಸ್ಟ್ಯಾಂಡಿಂಗ್ ಚಾರ್ಜೇ ವರ್ಷಕ್ಕೆ ನೂರು ಪೌಂಡ್ ದಾಟುತ್ತೆ.

ಧಾರವಾಡ_ಪೇಢಾ

ಗ್ರಾಂಟಿನ ನಿಯಮಕ್ಕ ಬಾಯ್ಲರ್ ಹೋಗಬೇಕು, ಒಲಿ ಇದ್ರ ನಡೀತೈತಿ. ನಮ್ಮ ಮನ್ಯಾಗ ಜಗಳಾ ಆಗಿದ್ದ ಇದರ ಮ್ಯಾಲೆ. ಜ್ವಾಳದ ರೊಟ್ಟಿ ಇಂಡಕ್ಷನ್ ಮ್ಯಾಲೆ ಹೆಂಗ ಅಂತ. ಬುಡ ಸಪಾಟ ಇರೋ ಕಬ್ಬಿಣದ ಹಂಚು ತಂದ್ವಿ. ನೀರು ಸವರಿ, ತಿರುವಿ, ಒದ್ದಿ ಬಟ್ಟೀಲೆ ಅಂಚಿನಗುಂಟ ಒತ್ತಿದ್ರ ಉಬ್ಬತೈತಿ. ಬೆಂಕಿ ಮ್ಯಾಲೆ ಸುಟ್ಟ ಆ ಕಮರು ವಾಸನಿ ಬರೂದಿಲ್ಲ, ಅದು ಖರೇ. ಅದಕ್ಕ ಅಂಗಳದಾಗ ಸಣ್ಣ ಗ್ಯಾಸ್ ಸ್ಟವ್ ಇಟ್ಟೀವಿ, ಬದನಿಕಾಯಿ ಸುಡಾಕೂ ಆಗತೈತಿ.

ಹಳೇಮನೆ_ರೆಡಿಂಗ್

ಹೊರಗಿನ ಯೂನಿಟ್ ಎಲ್ಲಿಡೋದು ಅಂತ ಕೇಳೋದು ಮರ್ತಿದ್ದೆ. ಪಕ್ಕದ ಓಣಿ ಒಂದು ಮೀಟರ್ ಅಗಲ ಅಷ್ಟೇ, ಅಲ್ಲೇ ಇಡ್ತೀವಿ ಅಂತಿದ್ದಾರೆ.

ತುಂಗಾತೀರ

ಓಣಿಯಲ್ಲಿ ಬೇಡ. ಅದು ತಣ್ಣಗಿನ ಗಾಳಿ ಉಗುಳುತ್ತೆ, ಎದುರು ಗೋಡೆಗೆ ಬಡಿದು ವಾಪಸ್ ಬಂದ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತೆ. ಎರಡು ಗೋಡೆ ನಡುವೆ ಸದ್ದೂ ಜಾಸ್ತಿ. ಗಡಿಯಿಂದ ಒಂದು ಮೀಟರ್ ದೂರ ಇರಬೇಕು ಅನ್ನೋ ನಿಯಮ ಇಂಗ್ಲೆಂಡ್‌ನಲ್ಲಿ 2025ರ ಮೇನಲ್ಲಿ ಹೋಯ್ತು, ಅದಕ್ಕೇ ಈಗ ಎಲ್ಲರೂ ಓಣಿ ತೋರಿಸ್ತಾರೆ. ಪಕ್ಕದವರ ಕಿಟಕಿಗೆ ಕೇಳೋ ಸದ್ದಿನ ಮಿತಿ ಹೋಗಿಲ್ಲ, ಆ ಲೆಕ್ಕ ಬರಹದಲ್ಲಿ ಕೇಳಿ.

ಹಿಂದಿನ ಗೋಡೆಗೆ, ತೋಟದ ಕಡೆ ಮುಖ ಮಾಡಿ ಇಡಿ. ಆರ್290, ಅಂದ್ರೆ ಪ್ರೊಪೇನ್ ತುಂಬಿದ ಮಷೀನ್ ಆದ್ರೆ ಕಿಟಕಿ, ಬಾಗಿಲು, ಚರಂಡಿ ಬಾಯಿಗಳಿಂದ ತಯಾರಕರು ಹೇಳಿದಷ್ಟು ದೂರ ಬಿಡಲೇಬೇಕು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದ್ರೆ ತಗ್ಗಿಗೆ ಹರಿಯುತ್ತೆ. ಚಳಿಯಲ್ಲಿ ಯೂನಿಟ್ ಮೇಲೆ ಕಟ್ಟೋ ಹಿಮವನ್ನ ಅದೇ ಕರಗಿಸಿಕೊಂಡು ನೀರು ಇಳಿಸುತ್ತೆ. ಆ ನೀರು ಓಡಾಡೋ ದಾರಿಗೆ ಹರಿದ್ರೆ ಬೆಳಗ್ಗೆ ಗಾಜಿನ ಥರ ಮಂಜುಗಡ್ಡೆ. ಕೆಳಗೆ ಜಲ್ಲಿ ತುಂಬಿದ ಗುಂಡಿ ತೋಡಿಸಿ.

ಅಮ್ಮ ಬಂದಾಗ ಒಂದು ಹೇಳಿಡಿ. ರೇಡಿಯೇಟರ್ ಮುಟ್ಟಿದ್ರೆ ಉಗುರು ಬೆಚ್ಚಗಷ್ಟೇ ಇರುತ್ತೆ. ಕೆಟ್ಟುಹೋಗಿದೆ ಅಂತ ಥರ್ಮೋಸ್ಟಾಟ್ 27ಕ್ಕೆ ತಿರುಗಿಸೋದು ಬೇಡ, ರಾತ್ರಿ ಆಫ್ ಮಾಡೋದೂ ಬೇಡ. ಅವರ ಕೋಣೆಯ ರೇಡಿಯೇಟರ್ ಮಾತ್ರ ಒಂದು ಅಳತೆ ದೊಡ್ಡದು ಹಾಕಿಸಿದ್ರೆ ಅವರಿಗೆ 23 ಸಿಗುತ್ತೆ, ಉಳಿದ ಮನೆಯನ್ನ ಕಾಯಿಸಬೇಕಾಗಲ್ಲ. ಇದನ್ನ ಲೆಕ್ಕ ಹಾಕೋ ಮುಂಚೆಯೇ ಡಿಸೈನರ್‌ಗೆ ಹೇಳಿ.

ಹಳೇಮನೆ_ರೆಡಿಂಗ್

ಅಮ್ಮನ ಕೋಣೆ ವಿಷಯ ಬರೆದುಕೊಂಡೆ ಸರ್. @ಮಂಗ್ಳೂರ್_ಬನ್ಸ್ ಕಟ್‌ಔಟ್ ಫೋಟೋ ಹಾಕಿದ್ದೀನಿ ನೋಡಿ. 60 ಅಂತಿದೆ. ಕೆಳಗಿಂದ ಎರಡು ದಪ್ಪ ಕೇಬಲ್ ಇವೆ.

ಮಂಗ್ಳೂರ್_ಬನ್ಸ್

ಲೂಪೇ ಅದು, ಸಂಶಯ ಇಲ್ಲ. ಎಡಗಡೆದು ಬೀದಿಯಿಂದ ಬಂದದ್ದು, ಬಲಗಡೆದು ಪಕ್ಕದವರಿಗೆ ಹೋಗುವುದು ಅಂತ ಕಾಣ್ತದೆ. ಅದನ್ನು ಬಿಡಿಸದೆ ಫ್ಯೂಸ್ ಏರಿಸಲಿಕ್ಕೆ ಬಿಡುವುದಿಲ್ಲ. ಪಕ್ಕದ ಮನೆಗೆ ಬೇರೆ ಕೇಬಲ್ ಎಳೆಯಬೇಕು, ಅವರ ಅಂಗಳವೂ ಅಗೆಯಬೇಕಾದೀತು, ಹಾಗಾಗಿ ಅವರ ಒಪ್ಪಿಗೆ ಬೇಕು. ಪಕ್ಕದವರ ಹತ್ರ ಇವತ್ತೇ ಮಾತಾಡಿ. ನಿಮ್ಮ ರೆಡಿಂಗ್ ಕಡೆ ತಂತಿ ಎಸ್‌ಎಸ್‌ಇಎನ್ ಅವರದ್ದು. ಬಿಲ್ ಕಳಿಸುವ ಕಂಪನಿಗೆ ಫೋನ್ ಮಾಡಿ ಕೂತರೆ ಪ್ರಯೋಜನ ಇಲ್ಲ, ಸೀದಾ ಅವರ ವೆಬ್‌ಸೈಟಲ್ಲೇ ಈ ಫೋಟೋ ಸಮೇತ ಅರ್ಜಿ ಹಾಕಿ. ತಿಂಗಳುಗಟ್ಟಲೆ ಹಿಡಿದದ್ದೂ ಉಂಟು, ಇನ್‌ಸ್ಟಾಲರ್ ಯಾರು ಅಂತ ತೀರ್ಮಾನ ಆಗುವ ತನಕ ಕಾಯಬೇಡಿ.